ಎರಡನೇ ದಾರ

ಹೋದ ವಾರ ಮೈಸೂರಿನಿಂದ ಬಂದಿದ್ದ ಮಗಳು ನನ್ನ ಎಡತೋಳಿಗೆ ಒಂದು ಬಿಳಿ ಗುಂಡಿ ಅಂಟಿಸಿ ಹೋದಳು. ರೂಪಾಯಿ ಬಿಲ್ಲೆಯಷ್ಟಗಲ. ಅದರೊಳಗೆ ಕೂದಲೆಳೆಯಂಥ ಸೂಜಿ ಇದೆಯಂತೆ, ಅದು ನನ್ನ ಮೈಯಲ್ಲಿ ಎಷ್ಟು ಸಕ್ಕರೆ ಇದೆ ಅಂತ ಹಗಲೂ ರಾತ್ರಿ ಅವಳ ಫೋನಿಗೆ ಹೇಳುತ್ತಲೇ ಇರುತ್ತದಂತೆ. ನಾನು ಇಲ್ಲಿ ತಿಪಟೂರಿನಲ್ಲಿ ಒಂದು ಚೂರು ಕೊಬ್ಬರಿ-ಬೆಲ್ಲ ಬಾಯಿಗೆ ಹಾಕಿಕೊಂಡರೆ ಅಲ್ಲಿ ಮೈಸೂರಿನಲ್ಲಿ ಅವಳ ಫೋನು ಬಡಿದುಕೊಳ್ಳುತ್ತದೆ. ತಕ್ಷಣ ಇಲ್ಲಿ ನನ್ನ ಫೋನು.

"ಅಮ್ಮಾ, ಏನ್ ತಿಂದೆ? ನಿಜ ಹೇಳು."

"ನಿನ್ನ ತಲೆ ತಿಂದೆ. ಇಡೇ ಫೋನು."

ಮಾನ ಮರ್ಯಾದೆ ಇಲ್ಲದ ಗುಂಡಿ ಅದು. ಒಂದು ಸಣ್ಣ ಸುಳ್ಳಿಗೂ ಜಾಗ ಬಿಡುವುದಿಲ್ಲ. ಬೈದುಕೊಳ್ಳುತ್ತೇನೆ, ಆದರೂ ಕಿತ್ತು ಬಿಸಾಡಿಲ್ಲ. ಯಾಕೆ ಅಂತ ಮಗಳಿಗೆ ಗೊತ್ತಿಲ್ಲ.

ಅಂಟಿಸುವ ಮೊದಲು ಅವಳು ಹತ್ತಿಗೆ ಸ್ಪಿರಿಟ್ ಅದ್ದಿ ತೋಳು ಒರೆಸಿದಳು. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ತೋಳು ಹಿಂದಕ್ಕೆಳೆದುಕೊಂಡೆ. "ಯಾಕಮ್ಮ, ನೋಯ್ತಾ?" ಅಂತ ಗಾಬರಿಯಾಗಿ ಕೇಳಿದಳು. ನೋಯಲಿಲ್ಲ. ಅವಳು ನನ್ನ ಹೊಟ್ಟೆಯಲ್ಲಿದ್ದ ವರ್ಷ ನೆನಪಾಯಿತು ಅಷ್ಟೆ. ಆ ವರ್ಷ ಬೆಳಗಾದರೆ ನನ್ನ ಅಡುಗೆಮನೆಯ ತುಂಬ ಇದೇ ವಾಸನೆ ಇರುತ್ತಿತ್ತು.

ತುರ್ತು ಪರಿಸ್ಥಿತಿ ಮುಗಿದು ಎರಡು ಮೂರು ವರ್ಷವಾಗಿತ್ತು. ನನ್ನನ್ನು ತವರೂರು ಸಂಪಿಗೆಯಿಂದ ಕಂದಿಕೆರೆ ಕಡೆಯ ಒಂದು ಊರಿಗೆ ಕೊಟ್ಟಿದ್ದರು. ಊರಿನ ಹೆಸರು ಬೇಡ, ನಮ್ಮವರು ಇನ್ನೂ ಅಲ್ಲಿದ್ದಾರೆ. ಅತ್ತೆ ನಾನು ಆ ಮನೆಗೆ ಹೋಗುವ ಮೊದಲೇ ತೀರಿಕೊಂಡಿದ್ದರು. ನನ್ನ ಗಂಡ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿದ್ದವರು, ವಾರಕ್ಕೊಮ್ಮೆ ಬಂದು ಅಪ್ಪನ ಎದುರು ತಲೆ ತಗ್ಗಿಸಿ ಉಂಡು ಹೋಗುತ್ತಿದ್ದರು. ಅಷ್ಟು ದೊಡ್ಡ ಮನೆಯಲ್ಲಿ ನಾನು, ಮಾವ, ಅಟ್ಟದ ತುಂಬ ಒಣಗುತ್ತಿದ್ದ ತೆಂಗಿನಕಾಯಿ.

ಮಾವನವರನ್ನು ಊರೆಲ್ಲ ಗೌಡ್ರು ಅನ್ನುತ್ತಿತ್ತು. ಆಳುಮಕ್ಕಳು ಬುದ್ಧಿ ಅನ್ನುತ್ತಿದ್ದರು. ಎತ್ತರದ ಆಳು, ಎತ್ತರದ ಗಂಟಲು, ಜಗಲಿ ಮೇಲೆ ಕೂತು ಮಾತಿಗೆ ಶುರುವಿಟ್ಟರೆ ದಾರಿಹೋಕರೂ ನಿಂತು ನಗುತ್ತಿದ್ದರು. ಬೆಳಿಗ್ಗೆ ಎದ್ದು ಮಡಿಯುಟ್ಟು ಶಿವಪೂಜೆಗೆ ಕೂತರೆ ಗಂಟೆಯ ಸದ್ದು ಹಿತ್ತಿಲವರೆಗೆ ಕೇಳುತ್ತಿತ್ತು. ಅವರು ಸಕ್ಕರೆ ಕಾಯಿಲೆಯಿಂದ ಸಾಯಲಿಲ್ಲ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಹಲ್ಲೆಲ್ಲ ಉದುರಿದ ಮೇಲೂ ಹೋಳಿಗೆ ಚೀಪುತ್ತ ಬಹಳ ಕಾಲ ಬದುಕಿದರು.

ಆ ವರ್ಷದ ಕಾರ್ತಿಕದಲ್ಲಿ ಅವರ ಕಾಲಿನ ಗಾಯ ಮಾಯದೆ ಹೋಯಿತು. ತಿಪಟೂರಿನ ಡಾಕ್ಟರು ಪರೀಕ್ಷೆ ಮಾಡಿ ಸಕ್ಕರೆ ಕಾಯಿಲೆ ಅಂದರು. ದಿನಾ ಇಂಜೆಕ್ಷನ್ ಬೇಕು, ಎಷ್ಟು ಬೇಕು ಅನ್ನುವುದು ದಿನಾ ಮೂತ್ರ ನೋಡದೆ ಗೊತ್ತಾಗುವುದಿಲ್ಲ. ದಿನಾ ತಿಪಟೂರಿಗೆ ಬರಲು ಮಾವ ಒಪ್ಪಲಿಲ್ಲ. ಆಗ ಡಾಕ್ಟರು ನನ್ನ ಕಡೆ ತಿರುಗಿದರು.

"ಏನ್ ಓದಿದೀಯಮ್ಮ?"

"ಪಿಯುಸಿ ಸಾರ್. ಸೈನ್ಸು."

"ಸಾಕು ಬಿಡು. ನಿನ್ನ ಅಡುಗೆಮನೆಯೇ ಲ್ಯಾಬು."

ಒಂದು ಗಾಜಿನ ಕೊಳವೆ, ಒಂದು ಸ್ಪಿರಿಟ್ ದೀಪ, ಒಂದು ಬಾಟಲಿ ನೀಲಿ ಔಷಧಿ, ಗಾಜಿನ ಸಿರಿಂಜು, ಸೂಜಿ. ಕೊಳವೆಗೆ ನೀಲಿ ಔಷಧಿ ಹಾಕಿ, ಮೇಲೆ ಕೆಲವು ಹನಿ ಮೂತ್ರ ಬಿಟ್ಟು, ದೀಪದ ಮೇಲೆ ಕುದಿಸಬೇಕು. ಸಕ್ಕರೆ ಇಲ್ಲದಿದ್ದರೆ ನೀಲಿ ನೀಲಿಯಾಗೇ ಉಳಿಯುತ್ತದೆ. ಇದ್ದರೆ ಹಸಿರು, ಇನ್ನೂ ಇದ್ದರೆ ಹಳದಿ, ಆಮೇಲೆ ಕಿತ್ತಳೆ, ವಿಪರೀತವಾದರೆ ಇಟ್ಟಿಗೆ ಬಣ್ಣ. ಬಣ್ಣವನ್ನು ಬೆಳಗಿನ ಬಸ್ಸಿನ ಕಂಡಕ್ಟರ್ ಕೈಲಿ ಹೇಳಿ ಕಳಿಸುವುದು, ಸಂಜೆ ಬಸ್ಸಿನಲ್ಲಿ ನಾಳೆ ಎಷ್ಟು ಚುಚ್ಚಬೇಕು ಅಂತ ಚೀಟಿ ಬರುವುದು. ಇದೇ ಏರ್ಪಾಡು.

ಕಂಡಕ್ಟರ್ ಒಳ್ಳೆಯವನೇ. ಆದರೆ ಚಿಕ್ಕನಾಯಕನಹಳ್ಳಿ ದಾಟುವಷ್ಟರಲ್ಲಿ ಹಳದಿ ಅವನ ಬಾಯಲ್ಲಿ ಹಸಿರಾಗಿರುತ್ತಿತ್ತು. ಅದಕ್ಕೇ ನಾನು ದಾರದ ಉಪಾಯ ಮಾಡಿದೆ. ಸ್ವೆಟರ್ ಹೆಣೆಯಲು ತಂದಿದ್ದ ಉಲ್ಲನ್ ನನ್ನ ಹತ್ತಿರ ಐದೂ ಬಣ್ಣದ್ದಿತ್ತು. ಒಂದು ಕೈಚೀಲದ ಹಿಡಿಗೆ ಅವತ್ತಿನ ಬಣ್ಣದ ದಾರ ಕಟ್ಟಿ ಕಳಿಸಿದರೆ ಆಯಿತು. ಡಾಕ್ಟರಿಗೆ ಬಲು ಖುಷಿಯಾಯಿತಂತೆ. ಮಾವ ಜಗಲಿಯಲ್ಲಿ ಕೂತು, "ನೋಡ್ರಲಾ, ನನ್ನ ಉಚ್ಚೆ ದಿನಾ ಟಿಕೀಟಿಲ್ದೆ ತಿಪಟೂರಿಗೆ ಹೋಗಿ ಬತ್ತದೆ" ಅಂತ ನಗಿಸುತ್ತಿದ್ದರು.

ನಗು ಜಗಲಿಯಲ್ಲಿ. ಒಳಗೆ ರಂಪ. ಮೊದಲ ವಾರಗಳೆಲ್ಲ ಹಳದಿ, ಕಿತ್ತಳೆ. ಡಾಕ್ಟರು ಬೆಲ್ಲ ನಿಲ್ಲಿಸಿ, ಎಳನೀರು ನಿಲ್ಲಿಸಿ, ಮುದ್ದೆ ಅರ್ಧ ಮಾಡಿ ಅಂತ ಹೇಳಿ ಕಳಿಸಿದರು. ಅರ್ಧ ಮುದ್ದೆಯ ತಟ್ಟೆ ಗೋಡೆಗೆ ಹೋಗಿ ಬೀಳುತ್ತಿತ್ತು. "ನನ್ನ ಮನೇಲಿ ನನಗೇ ಅಳತೆ ಅನ್ನ ಹಾಕೋಕೆ ಬಂದ್ಲು ಇವ್ಳು!" ನಾನು ಗೋಡೆ ಒರೆಸಿ, ಮತ್ತೆ ಅರ್ಧ ಮುದ್ದೆಯನ್ನೇ ಇಡುತ್ತಿದ್ದೆ. ನನಗೂ ಹಟ ಕಡಿಮೆಯಿರಲಿಲ್ಲ.

ಆಮೇಲೆ ಒಂದು ದಿನ ಬೆಳಿಗ್ಗೆ ಕೊಳವೆ ನೀಲಿಯಾಗೇ ಉಳಿಯಿತು. ಮರುದಿನವೂ ನೀಲಿ. ಅದರ ಮರುದಿನವೂ. ನನಗೆ ಕುಣಿಯುವಷ್ಟು ಸಂತೋಷ. ಡಾಕ್ಟರು ಇಂಜೆಕ್ಷನ್ ಇಳಿಸಿ, ಊಟ ಸಡಿಲಿಸಿದರು. ಮಾವ ಮೀಸೆಯಲ್ಲೇ ನಕ್ಕು, "ಶಿವಪೂಜೆ ಮಾಡೋ ಮೈ ಕಣವ್ವ ಇದು" ಅಂದರು.

ಅದು ಯಾರ ನೀಲಿ ಅಂತ ಗೊತ್ತಾಗಲು ಶಿವರಾತ್ರಿ ಬರಬೇಕಾಯಿತು.

ನಮ್ಮ ಮನೆಯಲ್ಲಿ ಮೂಡ್ಲಯ್ಯ ಅಂತ ಒಬ್ಬ ಆಳಿದ್ದ. ಹಟ್ಟಿಯವನು, ಹೊಸಲು ದಾಟಿ ಒಳಗೆ ಬರುವಂತಿರಲಿಲ್ಲ. ಮೂವತ್ತು ದಾಟಿರಲಿಲ್ಲ. ಅವನ ಹೆಂಡತಿ ಲಕ್ಕಮ್ಮ ಕೊಟ್ಟಿಗೆ ಬಳಿಯುತ್ತಿದ್ದಳು. ಮೂಡ್ಲಯ್ಯನ ಕೆಲಸ ಕೊಬ್ಬರಿ. ಅಟ್ಟದಿಂದ ಇಳಿಸಿದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಉಂಡೆ ಲೊಟಲೊಟ ಅಂದರೆ ಮಾತ್ರ ಸುಲಿಯುತ್ತಿದ್ದ. ಮಚ್ಚಿನ ಹಿಂಬದಿಯಿಂದ ಚಿಪ್ಪಿನ ಸುತ್ತ ತಟ್ಟಿದನೆಂದರೆ ಚಿಪ್ಪು ಬಿಚ್ಚಿಕೊಂಡು ಉಂಡೆ ಕೊಬ್ಬರಿ ಒಂದು ಗೀರಿಲ್ಲದೆ ಅವನ ಅಂಗೈಗೆ ಬರುತ್ತಿತ್ತು. ಕಚ್ಚು ಬಿದ್ದ ಉಂಡೆಗೆ ಮಂಡಿಯಲ್ಲಿ ಬೆಲೆ ಬಿದ್ದುಹೋಗುತ್ತದೆ, ಹಾಗಾಗಿ ಮಾವ ಆ ಕೆಲಸಕ್ಕೆ ಬೇರೆ ಯಾರನ್ನೂ ಕೂರಿಸುತ್ತಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಅವನ ಉಂಡೆಗೆ ಕಚ್ಚು ಬೀಳತೊಡಗಿತು. ಕಣ್ಣು ಮಂಜು ಅಂದ. ಮಾವ ಚಿಪ್ಪು ತೆಗೆದು ಅವನ ಬೆನ್ನಿಗೆ ಎಸೆದರು. ಮೈ ಇಳಿಯಿತು. ನೀರು, ನೀರು, ಯಾವಾಗ ನೋಡಿದರೂ ನೀರು. ದನದ ತೊಟ್ಟಿಗೆ ಬಗ್ಗಿ ಕುಡಿಯುತ್ತಿದ್ದದ್ದನ್ನು ನಾನೇ ಕಂಡು, ಒಂದು ಕೊಡ ನೀರು ಹಿತ್ತಿಲಿನಲ್ಲಿ ಇಟ್ಟಿದ್ದೆ. ಅದೇ ಹೊತ್ತಿಗೆ ಮಾವನ ಕೊಳವೆಯ ಬಣ್ಣವೂ ಕೆಟ್ಟಿತು. ಹಸಿರಲ್ಲ, ಹಳದಿಯಲ್ಲ, ಒಮ್ಮೆಗೇ ಇಟ್ಟಿಗೆ. ಡಾಕ್ಟರು ಇಂಜೆಕ್ಷನ್ ಏರಿಸಿದರು. ಮತ್ತೂ ಇಟ್ಟಿಗೆ. ಮತ್ತೂ ಏರಿಸಿದರು. ಮಾವ ಮಾತ್ರ ದಿನದಿನಕ್ಕೂ ಬೆವರುತ್ತ, ಸಿಡುಕುತ್ತ, ಹೊತ್ತಿಲ್ಲದ ಹೊತ್ತಿನಲ್ಲಿ ಹಸಿವು ಅನ್ನುತ್ತ, ಅಡಗಿಸಿದ್ದ ಬೆಲ್ಲ ಹುಡುಕಿ ತಿನ್ನುತ್ತಿದ್ದರು. ಬೆಲ್ಲ ತಿಂದೇ ಬಣ್ಣ ಕೆಡುತ್ತಿದೆ ಅಂತ ನಾನು ಜಗಳವಾಡುತ್ತಿದ್ದೆ. ಹೆಚ್ಚಾದ ಇಂಜೆಕ್ಷನ್ನಿನಿಂದ ಆ ಬೆಲ್ಲವೇ ಅವರನ್ನು ಉಳಿಸುತ್ತಿತ್ತು ಅಂತ ಆಗ ಗೊತ್ತಿಲ್ಲ.

ಶಿವರಾತ್ರಿಯ ದಿನ ಬೆಳಿಗ್ಗೆ ಹೊಸ ಚೀಟಿಯಂತೆ ಇಂಜೆಕ್ಷನ್ ತುಂಬಿದೆ. "ಮಾವ, ಚುಚ್ಚಿದ ಮೇಲೆ ಏನಾದ್ರೂ ತಿನ್ನಲೇಬೇಕು ಅಂತ ಡಾಕ್ಟರು ಹೇಳಿದಾರೆ" ಅಂದೆ.

"ಶಿವರಾತ್ರಿ ದಿನ ಬಾಯಿ ಎಂಜಲು ಮಾಡ್ಕೊಳ್ಳೋಕೆ ನಂಗೇನು ಬುದ್ಧಿ ಕೆಟ್ಟೈತಾ?"

"ಹಾಗಾದ್ರೆ ಇವತ್ತು ಇಂಜೆಕ್ಷನ್ ಬೇಡ."

"ಡಾಕ್ಟ್ರು ಚುಚ್ಚು ಅಂದವ್ರೆ, ನೀನು ಬ್ಯಾಡ ಅಂತೀಯ. ಚುಚ್ಚವ್ವ ಸುಮ್ನೆ. ಶಿವ ನೋಡ್ಕೋತಾನೆ."

ಮಧ್ಯಾಹ್ನದ ಹೊತ್ತಿಗೆ ಜಗಲಿಯಲ್ಲಿ ಕೂತವರು ಅಂಗಿ ನೆನೆಯುವಂತೆ ಬೆವತರು. ಯಾರೂ ಇಲ್ಲದ ಕಡೆ ನೋಡಿ ಬೈದರು, ಅತ್ತರು, ಹಾಗೇ ಪಕ್ಕಕ್ಕೆ ವಾಲಿ ಬಿದ್ದರು. ನಾನು ಕೂಗಿದ್ದಕ್ಕೆ ಓಡಿ ಬಂದವನು ಮೂಡ್ಲಯ್ಯ. ಆ ಎಲುಬಿನ ಹಂದರದಂಥವನು ಅಷ್ಟು ದೊಡ್ಡ ದೇಹವನ್ನು ಎತ್ತಿ ಪಡಸಾಲೆಗೆ ತಂದು ಮಲಗಿಸಿದ. ನಾನು ಬೆಲ್ಲದ ಪಾಕವನ್ನು ಬೆರಳಲ್ಲಿ ಅವರ ಒಸಡಿಗೆ ಸವರುತ್ತ ಕೂತೆ. ಎಷ್ಟೋ ಹೊತ್ತಾದ ಮೇಲೆ ಕಣ್ಣು ಬಿಟ್ಟರು. ಮೊದಲ ಮಾತು:

"ಇವ್ನ್ಯಾಕೆ ಒಳಗೆ ಬಂದ?"

ಮೂಡ್ಲಯ್ಯ ಹಿಂದಕ್ಕೆ ಹಿಂದಕ್ಕೆ ಸರಿದು ಹೊಸಲಿನಾಚೆ ನಿಂತ. ಲಕ್ಕಮ್ಮ ಬಂದು ಅವನು ನಿಂತಿದ್ದ ಜಾಗಕ್ಕೆ ನೀರು ಹಾಕಬೇಕಾಯಿತು. ಗಂಡನ ಹೆಜ್ಜೆಯನ್ನು ಹೆಂಡತಿ ಕೈಯಲ್ಲೇ ತೊಳೆಸಿದರು.

ಊರಿನವರೊಬ್ಬರು ಮೋಟಾರು ಬೈಕಿನಲ್ಲಿ ಹೋಗಿ ತಿಳಿಸಿದ್ದಕ್ಕೆ ಸಂಜೆ ನನ್ನ ಗಂಡ ಬಾಡಿಗೆ ಕಾರಿನಲ್ಲಿ ಡಾಕ್ಟರನ್ನು ಕರೆತಂದರು. ಡಾಕ್ಟರು ತಮ್ಮ ಎದುರಿಗೇ ಮಾವನ ಮೂತ್ರ ಹಿಡಿಸಿ ಕುದಿಸಿದರು. ನೀಲಿ. ಗೂಟದಲ್ಲಿ ನೇತಾಡುತ್ತಿದ್ದ ಚೀಲದಲ್ಲಿ ಬೆಳಗಿನ ಇಟ್ಟಿಗೆ ಬಣ್ಣದ ದಾರ ಇನ್ನೂ ಇತ್ತು, ಹಬ್ಬದ ದಿನ ಬಸ್ಸು ಬಂದಿರಲಿಲ್ಲ. ಡಾಕ್ಟರು ಆ ದಾರವನ್ನೂ ಕೊಳವೆಯನ್ನೂ ಪಕ್ಕ ಪಕ್ಕ ಹಿಡಿದು ನೋಡಿದರು.

"ಗೌಡ್ರೇ, ಬೆಳಿಗ್ಗೆ ಕೊಟ್ಟಿದ್ದು ಯಾರದು?"

ಮಾವ ಗೋಡೆ ನೋಡಿದರು. ಹೊಸಲಿನಾಚೆಯಿಂದ ಮೂಡ್ಲಯ್ಯ, ಏನೋ ಒಳ್ಳೆಯ ಕೆಲಸಕ್ಕೆ ತನ್ನ ಹೆಸರು ಹೇಳುವವನಂತೆ, "ನಂದು ಬುದ್ಧಿ. ದಿನಾ ನಂದೇ ಕೊಡಾದು. ಬುದ್ಧೀರು ಚೆಂಬು ಕೊಟ್ಟು ತುಂಬುಸ್ಕತ್ತಾರೆ" ಅಂದ.

ನನಗೆ ಅಸಹ್ಯವೂ ಆಯಿತು, ನಗುವೂ ಬಂತು. ಹೊಸಲು ದಾಟಬಾರದವನ ಉಚ್ಚೆ ಇಷ್ಟು ದಿನ ನಮ್ಮ ಅಡುಗೆಮನೆಯಲ್ಲಿ, ದೇವರಮನೆಯ ಗೋಡೆಗೆ ಒತ್ತಿಕೊಂಡು, ಯಜಮಾನರ ಹೆಸರಿನಲ್ಲಿ ಕುದಿದಿತ್ತು.

ಡಾಕ್ಟರು ನಗಲಿಲ್ಲ. ಮೂಡ್ಲಯ್ಯನನ್ನು ಹತ್ತಿರ ಕರೆದು ಕಣ್ಣು ಬಿಡಿಸಿ, ಕೈಯ ಚರ್ಮ ಚಿವುಟಿ ನೋಡಿದರು. "ಗೌಡ್ರೇ, ಸರಿಯಾಗಿ ಕೇಳಿ. ನಿಮ್ಮದು ಊಟದ ಬಿಗಿಯಲ್ಲಿ ಅರ್ಧ ಹಿಡಿತಕ್ಕೆ ಬರೋ ಕಾಯಿಲೆ. ಇವನದು ಹಾಗಲ್ಲ. ಇವನ ಮೈಯಲ್ಲಿ ಆ ಔಷಧಿ ಹುಟ್ಟೋದೇ ನಿಂತುಹೋಗಿದೆ. ದಿನಾ ಚುಚ್ಚಿದರೆ ನಿಮ್ಮ ಹಾಗೇ ಬದುಕ್ತಾನೆ. ನಿಲ್ಲಿಸಿದರೆ ಸಾಯ್ತಾನೆ. ಇನ್ನು ಮಾತಿಲ್ಲ."

"ಮುದ್ದೆ ಉಪ್ಪೆಸ್ರು ತಿನ್ನೋನ್ಗೆ ಸಕ್ಕರೆ ಕಾಯ್ಲೆ ಎಲ್ಲಿಂದ ಬತ್ತದೆ ಡಾಕ್ಟ್ರೇ? ಕದ್ದು ಬೆಲ್ಲ ತಿಂದವ್ನೆ. ಚೆನ್ನಾಗಿದ್ದ ಉಚ್ಚೆ ಕೆಡಿಸ್ಕಂಡು ನನ್ನ ಸಾಯ್ಸೋಕೆ ಹೊಂಟಿದ್ದ ಬಡ್ಡೀಮಗ."

ತಮಾಷೆಗೆ ಅಂದದ್ದಲ್ಲ. ನಿಜವಾಗಿ ಹಾಗೇ ನಂಬಿದ್ದರು. ಅವತ್ತಿನಿಂದ ಕೊನೆಯವರೆಗೂ ಮೂಡ್ಲಯ್ಯ ತಮಗೆ ಮೋಸ ಮಾಡಿದ ಅಂತಲೇ ಅವರ ಲೆಕ್ಕ.

ಡಾಕ್ಟರು ಕಾರು ಹತ್ತುವಾಗ ನನ್ನನ್ನು ಕರೆದು ಮೆಲ್ಲಗೆ ಹೇಳಿದರು: "ಚೀಲಕ್ಕೆ ಇನ್ನೊಂದು ದಾರ ಕಟ್ಟಮ್ಮ. ಗಂಟಿನ ಮೇಲೆ ಗಂಟು ಹಾಕು, ಅವನದು ಅಂತ ಗೊತ್ತಾಗುತ್ತೆ. ಅವನ ಔಷಧಿ ನಾನೇ ಕಳಿಸ್ತೀನಿ, ಗೌಡ್ರನ್ನ ಕೇಳಬೇಡ."

ಹೀಗೆ ಎರಡನೇ ದಾರ ಶುರುವಾಯಿತು. ಮಾವ ಆ ಬಿದ್ದ ಭಯಕ್ಕೆ ತಮ್ಮದನ್ನು ತಾವೇ ಕೊಡತೊಡಗಿದ್ದರು. ಅವರು ಪೂಜೆಗೆ ಕೂತು ಗಂಟೆ ಬಾರಿಸುವ ಹೊತ್ತಿಗೆ ನಾನು ಹಿತ್ತಿಲ ಬಾಗಿಲಿಗೆ ಬರುತ್ತಿದ್ದೆ. ಮೂಡ್ಲಯ್ಯ ತೆಂಗಿನ ಸಿಪ್ಪೆಯ ರಾಶಿಯ ಹಿಂದೆ ತೋಳು ಮಡಚಿ ಕೂತಿರುತ್ತಿದ್ದ. ಅವನ ಬಾಟಲಿಯನ್ನೂ ಮಾವನ ಬಾಟಲಿಯ ಪಕ್ಕದಲ್ಲೇ, ಒದ್ದೆ ಮರಳಿನ ಗಡಿಗೆಯಲ್ಲಿ ಹೂತಿಟ್ಟಿದ್ದೆ. ಸಿರಿಂಜು ಒಂದೇ. ಕುದಿಸಿ ಅವರಿಗೆ, ಮತ್ತೆ ಕುದಿಸಿ ಇವನಿಗೆ. ಮೊದಲ ದಿನ ಸೂಜಿ ನೋಡಿ ಅವನು ಕಣ್ಣು ಮುಚ್ಚಿಕೊಂಡ.

"ಎಮ್ಮೆ ಗುದ್ದಿದ್ರೂ ಹೆದರದವನು ಇದಕ್ಕೆ ಹೆದರ್ತೀಯೇನೋ?"

"ಸೂಜಿಗಲ್ಲ ಅವ್ವಾರೇ. ನೀವು ನನ್ನ ಮುಟ್ತಿದೀರಲ್ಲ, ಅದ್ಕೆ."

ಇಟ್ಟಿಗೆ ಕಿತ್ತಳೆಯಾಯಿತು, ಕಿತ್ತಳೆ ಹಳದಿಯಾಯಿತು. ಯುಗಾದಿಯ ಹೊತ್ತಿಗೆ ಹಸಿರು. ಯುಗಾದಿ ಕಳೆದು ಒಂದು ಬೆಳಿಗ್ಗೆ ಕೊಳವೆಯನ್ನು ಕುದಿಸಿ ಕುದಿಸಿ ನೋಡಿದೆ, ನೀಲಿ ಅಲ್ಲಾಡಲಿಲ್ಲ. ಹಿತ್ತಿಲಿಗೆ ತಂದು ತೋರಿಸಿದೆ. ಮೂಡ್ಲಯ್ಯ ಬಿಸಿಲಿಗೆ ಹಿಡಿದು, "ನವಿಲಿನ ಕುತ್ತಿಗೆ ಇದ್ದಂಗೈತೆ" ಅಂದ. ಲಕ್ಕಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕು, "ರಾತ್ರಿ ಹತ್ತು ದಪ ಎದ್ದು ಹೋಗಾದು ನಿಂತದೆ ಕಣವ್ವಾ. ನಂಗೂ ಒಂದೀಟು ನಿದ್ದೆ" ಅಂದಳು. ಅವನ ಕೆನ್ನೆಗೆ ಮಾಂಸ ಬಂತು, ಕಣ್ಣಿನ ಮಂಜು ಹೋಯಿತು, ಉಂಡೆ ಮತ್ತೆ ಕಚ್ಚಿಲ್ಲದೆ ಅಂಗೈಗೆ ಬಂತು. ಒಂದು ನುಣುಪಾದ ಉಂಡೆಯನ್ನು ಆರಿಸಿ ನನ್ನ ಬಾಗಿಲಲ್ಲಿಟ್ಟು, "ಬಸುರಿ ಹೆಂಗ್ಸು, ತಿನ್ನಿ ಅವ್ವಾರೇ" ಅಂದ. ಆ ದಿನಗಳಲ್ಲಿ ನಾನು ಎಷ್ಟು ಸಂತೋಷವಾಗಿದ್ದೆ ಅಂದರೆ, ನನ್ನ ಹೊಟ್ಟೆಯ ಕೂಸಿಗಿಂತ ಆ ಕೊಳವೆಯ ನೀಲಿಯನ್ನೇ ಹೆಚ್ಚು ನೋಡುತ್ತಿದ್ದೆ.

ಮುಂದೆ ಹೆಚ್ಚು ದಿನ ಕಳೆದಿರಲಿಲ್ಲ. ಒಂದು ಬೆಳಿಗ್ಗೆ ನಾನು ಸೂಜಿ ಚುಚ್ಚಿದ್ದೇನೆ, ಒಳಗೆ ಗಂಟೆ ನಿಂತಿತು. ತಲೆಯೆತ್ತಿದರೆ ಮಾವ ಮಡಿಯಲ್ಲೇ ಹಿತ್ತಿಲ ಬಾಗಿಲಲ್ಲಿದ್ದಾರೆ. ಬಿಲ್ವಪತ್ರೆ ಸಾಲದೆ ಕೀಳಲು ಬಂದಿದ್ದರು.

ಕೂಗಾಡಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾದದ್ದು. "ಅದೇ ಸೂಜಿನಾ?" ಅಂತ ಕೇಳಿದರು.

"ಕುದಿಸ್ತೀನಿ ಮಾವ. ಪ್ರತಿಸಲ ಕುದಿಸ್ತೀನಿ."

"ಅವ್ನ ಮೈಯಿಂದ ಕಿತ್ತಿದ್ದ ನನ್ನ ಮೈಗೆ ಚುಚ್ಚಿದ್ದೀಯ. ಲಿಂಗ ಕಟ್ಟಿದ ಮೈಗೆ."

ನನ್ನ ನಾಲಿಗೆ ಯಾವತ್ತೂ ನನ್ನ ಮಾತು ಕೇಳಿದ್ದಲ್ಲ. "ಅವನ ಉಚ್ಚೆ ನಿಮ್ಮ ಹೆಸರಲ್ಲಿ ಒಲೆ ಪಕ್ಕ ಕುದಿಯುವಾಗ ಲಿಂಗ ಎಲ್ಲಿ ಹೋಗಿತ್ತು ಮಾವ?" ಅಂದುಬಿಟ್ಟೆ.

ಮೂಡ್ಲಯ್ಯ ಅಷ್ಟರಲ್ಲಿ ನೆಲಕ್ಕೆ ಬಿದ್ದು, "ತೆಪ್ಪಾಯ್ತು ಬುದ್ಧೀ, ನಾನೇ ಕೇಳ್ದೆ, ಅವ್ವಾರ್ದೇನಿಲ್ಲ" ಅನ್ನುತ್ತಿದ್ದ. ಅವನು ಏನನ್ನೂ ಕೇಳಿರಲಿಲ್ಲ.

ಆ ವಾರ ನನ್ನ ಗಂಡ ಬಂದಾಗ ಪಂಚಾಯ್ತಿ ಆಯಿತು. ಮಾವ ಬೆಣ್ಣೆಯಂತೆ ಮಾತಾಡಿದರು. "ಅವಳು ಮಾಡಿದ್ರಲ್ಲಿ ತಪ್ಪೇನಿಲ್ಲ ಬುಡಪ್ಪ, ಕರುಳಿರೋ ಹೆಂಗ್ಸು. ಆದ್ರೆ ಬಸುರಿ, ಏಳ್ನೇ ತಿಂಗ್ಳು, ಈ ಉಚ್ಚೆ ಸೂಜಿ ಎಲ್ಲ ಯಾಕೆ? ತವರಿಗೆ ಕಳ್ಸು. ಇವನಿಗೆ ಬೇರೆ ಸೂಜಿ ತರುಸ್ತೀನಿ. ದಾರ ನಾನೇ ಕಟ್ತೀನಿ, ಎರಡೂವೆ. ಮಾತು ಕೊಟ್ಟೆ."

ಗಂಡ ನನ್ನ ಕಡೆ ತಿರುಗಿ, "ಕೇಳಿದ್ಯೇನೇ? ಅಪ್ಪನೇ ಮಾತು ಕೊಟ್ಟಮೇಲೆ ಇನ್ನೇನು?" ಅಂದರು. ಗಡಿಗೆ, ಕೊಳವೆ, ದೀಪ, ಉಲ್ಲನ್ ಎಲ್ಲ ಮಾವನ ಪೆಟ್ಟಿಗೆ ಸೇರಿ ಬೀಗ ಬಿತ್ತು.

ಹೊರಡುವ ಬೆಳಿಗ್ಗೆ ನಾನು ಮೂಡ್ಲಯ್ಯನಿಗೆ ಬಸ್ಸಿನ ಕಾಸು ಕೊಟ್ಟು, "ಯಾವತ್ತಾದರೂ ಒಂದು ದಿನ ಇಂಜೆಕ್ಷನ್ ತಪ್ಪಿದರೆ ಯಾರನ್ನೂ ಕೇಳದೆ ತಿಪಟೂರಿನ ಬಸ್ಸು ಹತ್ತು" ಅಂದೆ. ಅವನು ಕಾಸನ್ನು ಕಣ್ಣಿಗೊತ್ತಿಕೊಂಡು ಟವೆಲಿನ ತುದಿಗೆ ಗಂಟು ಹಾಕಿಕೊಂಡ. "ಬುದ್ಧೀರನ್ನ ಒಂದು ಮಾತು ಕೇಳ್ಕಂಡು ಹೋಯ್ತೀನಿ ಬುಡಿ ಅವ್ವಾರೇ" ಅಂದ. ನನಗೆ ಅವನ ಕೆನ್ನೆಗೆ ಹೊಡೆಯುವಷ್ಟು ಸಿಟ್ಟು ಬಂತು.

ಸಂಪಿಗೆಯಲ್ಲಿ ಮನಸ್ಸು ನಿಲ್ಲಲಿಲ್ಲ. ತಿಂಗಳಾಗುವಷ್ಟರಲ್ಲಿ ಅಣ್ಣನನ್ನು ತಿಪಟೂರಿಗೆ ಅಟ್ಟಿದೆ, ಡಾಕ್ಟರನ್ನು ಕೇಳಿಕೊಂಡು ಬಾ ಅಂತ. ಸಂಜೆ ಅಣ್ಣ ಹಲ್ಲು ಬಿಟ್ಟುಕೊಂಡು ಬಂದ. "ದಿನಾ ಎರಡು ದಾರ ಬರ್ತೈತಂತೆ ಕಣೇ. ಎರಡೂ ನೀಲಿ. ನೀನು ಹಾಕಿಕೊಟ್ಟ ದಾರಿ ಎಂಥ ಚೆನ್ನಾಗಿ ನಡೀತೈತೆ ಅಂತ ಡಾಕ್ಟ್ರೇ ಹೊಗಳಿದ್ರು. ಆರಾಮಾಗಿ ಹೆರಿಗೆ ಮಾಡ್ಕೋಬೇಕಂತೆ." ನಾನು ನಂಬಿದೆ. ಅಯ್ಯೋ ಪಾಪ, ಮಾವನನ್ನು ಸುಮ್ಮನೆ ಶಪಿಸಿದೆನಲ್ಲ ಅಂತ ಶ್ರೀನಿವಾಸನ ಗುಡಿಗೆ ಹೋಗಿ ಕೆನ್ನೆ ಕೆನ್ನೆ ಬಡಿದುಕೊಂಡು ಬಂದೆ.

ಮಗಳು ಹುಟ್ಟಿದಳು. ಮಳೆಗಾಲ ಕಳೆಯಿತು. ದಸರಾ ಮುಗಿದ ಮೇಲೆ ಗಂಡ ಬಂದು ಕರೆದೊಯ್ದರು. ನಮ್ಮನ್ನು ಕೂರಿಸಿಕೊಂಡಿದ್ದ ಬಾಡಿಗೆ ಕಾರು ಮನೆ ಮುಂದೆ ನಿಂತಾಗ ಬೆಳಗಿನ ಬಸ್ಸು ಇನ್ನೂ ಹೋಗಿರಲಿಲ್ಲ. ಮಾವ ಜಗಲಿಯಲ್ಲಿ ಕೂತು, ಕನ್ನಡಕ ಮೂಗಿನ ತುದಿಗಿಳಿಸಿಕೊಂಡು, ಚೀಲದ ಹಿಡಿಗೆ ದಾರ ಕಟ್ಟುತ್ತಿದ್ದರು. ಒಂದು ನೀಲಿ. ಅದರ ಪಕ್ಕ ಗಂಟಿನ ಮೇಲೆ ಗಂಟು ಹಾಕಿ ಇನ್ನೊಂದು ನೀಲಿ. ನನ್ನ ಕಣ್ಣು ತುಂಬಿ ಬಂತು. ಕೂಸನ್ನು ಅವರ ತೊಡೆಗಿಟ್ಟು, "ಮೂಡ್ಲಯ್ಯ ಎಲ್ಲಿ ಮಾವ? ಮಗೂನ ತೋರಿಸಬೇಕು" ಅಂದೆ.

"ಅವ್ನಾ? ಅವನು ಹೋಗಿ ಮುಂಗಾರು ಕಳೀತಲ್ಲವ್ವ. ನೀನು ತವರಿಗೆ ಹೋದ ಎರಡ್ನೇ ವಾರವೋ ಏನೋ."

ನನಗೆ ಅರ್ಥವೇ ಆಗಲಿಲ್ಲ. "ಎಲ್ಲಿಗೆ ಹೋದ?"

"ಎಲ್ಲಾರೂ ಹೋಗೋ ಕಡೀಕೆ."

ನಾನು ದಾರ ನೋಡಿದೆ. "ಮತ್ತೆ ಇದು?"

ಮಾವ ಕೂಸಿನ ಗಲ್ಲ ಸವರುತ್ತ, ದನದ ಹುಲ್ಲಿನ ಮಾತಾಡುವಷ್ಟೇ ಸಹಜವಾಗಿ ಹೇಳಿದರು: "ದಾರ ನಿಲ್ಸಿದ್ರೆ ಅವನ ಪಾಲಿನ ಬಾಟ್ಲಿ ನಿಂತೋಯ್ತದೆ. ಡಾಕ್ಟ್ರು ಪುಗಸಟ್ಟೆ ಕಳುಸ್ತಾವ್ರೆ, ನಾನ್ಯಾಕೆ ಬ್ಯಾಡ ಅನ್ಲಿ? ನಂಗಾಯ್ತದೆ."

ಮೊದಲು ಅವನ ಉಚ್ಚೆ ತಮ್ಮದಾಗಿಸಿಕೊಂಡಿದ್ದರು. ಈಗ ಅವನ ಔಷಧಿ. ಬಸ್ಸಿನ ಹಾರನ್ ಕೇಳಿತು, ಆಳೊಬ್ಬ ಚೀಲ ಕಸಿದುಕೊಂಡು ಓಡಿದ. ನಾನು ಕೂಸನ್ನು ಅವರ ತೊಡೆಯಿಂದ ಎತ್ತಿಕೊಂಡೆ. ಅದಾದ ಮೇಲೆ ನನ್ನ ಕೈಯಾರೆ ಯಾವತ್ತೂ ಅವರ ತೊಡೆಗೆ ಕೊಡಲಿಲ್ಲ.

ಹಟ್ಟಿಗೆ ಹೋದೆ. ಬಾಣಂತಿ, ಕೂಸು ಎತ್ತಿಕೊಂಡು ಹಟ್ಟಿಗೆ ಬಂದಳು ಅಂತ ಊರು ಬಾಯಿ ಬಡಿದುಕೊಂಡಿತು, ಬಡಿದುಕೊಳ್ಳಲಿ. ಲಕ್ಕಮ್ಮನ ಕೈಯಲ್ಲಿ ಬಳೆಯಿರಲಿಲ್ಲ. ಕೂಸಿಗೆ ದೃಷ್ಟಿ ತೆಗೆಯಲು ಕೈಯೆತ್ತಿದವಳು, ತಾನು ತೆಗೆಯಬಾರದು ಅಂತ ನೆನಪಾಗಿ ಇಳಿಸಿಕೊಂಡಳು.

"ನೀವು ಹೋದ ಮಾರ್ನೇ ದಿನಕ್ಕೇ ಸೂಜಿ ನಿಂತೋಯ್ತು ಅವ್ವಾ. ಹೊಸ ಸೂಜಿ ಬರ್ಲಿ ಅಂದ್ರು. ಇವ್ರಿಗೆ ಮತ್ತೆ ದಾಹ. ಆಮೇಲೆ ವಾಂತಿ. ಬಾಯಲ್ಲಿ ಬಾಳೆಹಣ್ಣು ಕೊಳ್ತಂಗೆ ವಾಸ್ನೆ. ಉಸ್ರು ಎಳೆಯಾದು ನೋಡಕ್ಕಾಯ್ತಿರ್ಲಿಲ್ಲ, ಬಾವಿ ಸೇದ್ದಂಗೆ ಎಳೆಯೋರು."

"ತಿಪಟೂರಿಗೆ ಯಾಕೆ ಕರ್ಕೊಂಡು ಹೋಗ್ಲಿಲ್ಲ ಲಕ್ಕಮ್ಮ? ಕಾಸು ಕೊಟ್ಟಿದ್ದೆನಲ್ಲ!"

"ಹೊಂಟಿದ್ವಿ ಕಣವ್ವಾ. ಬಸ್ಸಿನ ತಾವಕ್ಕೇ ಹೋಗಿದ್ವಿ. ಬುದ್ಧೀರು ಬಂದು, ನೀವ್ಯಾಕೆ ಹೋಗ್ತೀರಿ, ದಾರ ಹೋಯ್ತದಲ್ಲ, ದಾರ ನೋಡಿದ್ರೆ ಡಾಕ್ಟ್ರಿಗೆ ಎಲ್ಲಾ ಗೊತ್ತಾಯ್ತದೆ, ಬೇಕಾದ್ರೆ ಅವರೇ ಬತ್ತಾರೆ ಅಂದ್ರು. ನನ್ನ ಕಣ್ಣ ಮುಂದೇನೇ ದಾರ ಕಟ್ಟಿದ್ರು. ಇವ್ರದೂ ಕಟ್ಟಿದ್ರು, ಗಂಟಿನ ಮ್ಯಾಲೆ ಗಂಟು. ಡಾಕ್ಟ್ರು ಬತ್ತಾರೆ ಅಂತ ಇವ್ರ ತಲೆ ತೊಡೆ ಮ್ಯಾಲಿಟ್ಕಂಡು ದಾರಿ ನೋಡ್ತಾ ಕುಂತೆ."

"ಯಾವ ಬಣ್ಣದ ದಾರ?"

"ನೀಲಿ. ಚೆಂದಾಗಿತ್ತು. ಬಣ್ಣದ ಲೆಕ್ಕ ನಂಗೇನು ಗೊತ್ತವ್ವಾ?"

ಅವಳಿಗೆ ಹೇಗೆ ಗೊತ್ತಿರುತ್ತದೆ? ನವಿಲಿನ ಕುತ್ತಿಗೆ ಅಂತ ಅವಳ ಗಂಡ ಮೆಚ್ಚಿದ ಬಣ್ಣ ಅಷ್ಟೆ. ನೀಲಿಯ ಅರ್ಥ ಅವಳಿಗೆ ಹೇಳದೆ ಅಲ್ಲೇ ಕೂತೆ. ಕೂಸು ಅತ್ತಿತು, ಅಲ್ಲೇ ಹಾಲೂಡಿಸಿದೆ.

ಮರುದಿನ ನಾನೇ ತಿಪಟೂರಿಗೆ ಹೋಗಿ ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. ಅವರು ಮಾವನನ್ನು ನೋಡುವುದು ಬಿಟ್ಟರು. ಮಾವ ಇನ್ನೊಬ್ಬ ಡಾಕ್ಟರನ್ನು ಹಿಡಿದರು. ಪೊಲೀಸಿನವರು, ದಾರ ಕಟ್ಟಿದ್ದಕ್ಕೆ ಯಾವ ಕೇಸಮ್ಮ ಅಂತ ನಕ್ಕರು. ಗಂಡನನ್ನು ಒಪ್ಪಿಸಿ ತಿಪಟೂರಿಗೆ ಬಂದು ಬಾಡಿಗೆ ಮನೆ ಮಾಡಿದೆ. ಅದೆಲ್ಲ ಆಮೇಲಿನದು. ಆದರೆ ಹಟ್ಟಿಗೆ ಹೋದ ಆ ದಿನದ ಸಂಜೆ ಇನ್ನೂ ಬಾಕಿಯಿದೆ.

ಸಂಜೆ ಬಸ್ಸಿನ ಚೀಲವನ್ನು ನನ್ನ ಕೈಯಾರೆ ತೆಗೆದುಕೊಳ್ಳಬೇಕು ಅನ್ನಿಸಿತು. ಕೂಸನ್ನು ಹೆಗಲಿಗೆ ಹಾಕಿಕೊಂಡು ಬಸ್ಸು ನಿಲ್ಲುವ ಹುಣಸೆಮರದ ಹತ್ತಿರ ನಿಂತೆ. ಲಕ್ಕಮ್ಮ ಯಾಕೆ ಅಂತ ಕೇಳದೆ ನನ್ನ ಹಿಂದೆ ಬಂದು ನಿಂತಳು. ಬಸ್ಸು ಬಂತು. ಅದೇ ಕಂಡಕ್ಟರ್. ನನ್ನನ್ನು ಕಂಡದ್ದೇ ಮುಖ ಅರಳಿಸಿ, ಮೆಟ್ಟಿಲ ಮೇಲೆ ನಿಂತು ಚೀಲ ಚಾಚಿದ. ಒಳಗೆ ಹೊಸ ಬಾಟಲಿ ಕೈಗೆ ತಗುಲಿತು.

"ಯಾವಾಗ ಬಂದ್ರಮ್ಮ? ಗಂಡೋ ಹೆಣ್ಣೋ? ಡಾಕ್ಟ್ರು ಬಾಯಲ್ಲೇ ಹೇಳಿ ಕಳ್ಸವ್ರೆ ಇವತ್ತು. ಎರಡನೇ ದಾರದೋರು ಬಲು ಚೆಂದಾಗಿ ನೋಡ್ಕಂಡವ್ರಂತೆ ಮೈಯಾ. ಒಂದು ದಿನಾನೂ ಬಣ್ಣ ಕೆಡಿಸಿಲ್ವಂತೆ. ಅವರಿಗೆ ಶಭಾಶ್ ಹೇಳ್ಬೇಕಂತೆ, ಮರೀಬ್ಯಾಡಿ."

ಬಸ್ಸು ಧೂಳೆಬ್ಬಿಸಿ ಹೋಯಿತು. ಲಕ್ಕಮ್ಮ ನನ್ನ ಪಕ್ಕಕ್ಕೆ ಬಂದು, ಚೀಲದ ಹಿಡಿಯಲ್ಲಿದ್ದ ಎರಡನೇ ಗಂಟನ್ನು ಬೆರಳಲ್ಲಿ ಮುಟ್ಟಿ ನೋಡಿದಳು.

"ಎರಡ್ನೇ ದಾರ ಅಂದ್ರೆ ನಮ್ಮೋರ್ದೇ ಅಲ್ವೇನವ್ವಾ?"

"ಹೂಂ" ಅಂದೆ.